ನೆಲದ ಮೇಲೊಂದು ಆಕಾಶ

ನೀರಿಗೆ ಇಳಿಯದೆ ಈಜು ಬಾರದು ಎನ್ನುತ್ತಾರೆ. ಯುದ್ಧವಿಮಾನದ ಪೈಲಟ್‌ಗಳಿಗೆ ಈ ಮಾತು ಹೊಂದುವುದಿಲ್ಲ. ವಿಮಾನದಿಂದ ಆಸನ ಸಮೇತ ಹೊರಚಿಮ್ಮುವುದನ್ನು ಆಕಾಶದಲ್ಲಿ ಅಭ್ಯಾಸ ಮಾಡಿಸಲಾದೀತೆ? ಬರಿಯ ಪ್ಯಾರಾಚೂಟ್ ಜಿಗಿತದಲ್ಲೂ ಕಾಲು ಮುರಿಯುವ ಅಪಾಯವುಂಟು. ಹೀಗಾಗಿ ಅನೇಕರ ಪಾಲಿಗೆ ಮೊದಲ ಜಿಗಿತವೇ ಪ್ರಾಣಸಂಕಟದ ಜಿಗಿತ.

2019ರ ಫೆಬ್ರುವರಿ 19ರಂದು ಯಲಹಂಕದ ಮೇಲೆ ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿಯಾದಾಗ ಒಬ್ಬ ಪೈಲಟ್ ಮಡಿದರು. ಇಬ್ಬರು ಹೊರಚಿಮ್ಮಿ ಬದುಕಿದರು. ಇಂಥ ಆಸನ ಪೈಲಟ್‌ನನ್ನು ಹೊರಗೆಸೆದು ಪ್ಯಾರಾಚೂಟನ್ನೂ ತಾನೇ ಬಿಡಿಸುತ್ತದೆ. ಆಮೇಲಿನದು ಅವನ ಕೈಯಲ್ಲಿದೆ.

ಆ ಕೆಲಸ ಸಣ್ಣದಲ್ಲ. ಮೊದಲು ತಲೆಯೆತ್ತಿ ಪ್ಯಾರಾಚೂಟ್ ಸರಿಯಾಗಿ ಅರಳಿದೆಯೇ ಎಂದು ನೋಡಬೇಕು. ಹಗ್ಗಗಳು ಹೆಣೆದುಕೊಂಡಿದ್ದರೆ ಭುಜದ ಮೇಲಿನ ಪಟ್ಟಿಗಳನ್ನು ಅಗಲಿಸಿ, ಸೈಕಲ್ ತುಳಿದಂತೆ ಕಾಲಾಡಿಸಿ ಬಿಡಿಸಿಕೊಳ್ಳಬೇಕು. ಮುಖದ ಆಮ್ಲಜನಕದ ಮುಸುಕು ಕಳಚಬೇಕು. ಕೆಳಗೆ ನೀರಿದ್ದರೆ ಜೀವರಕ್ಷಕ ಜಾಕೆಟ್ ಉಬ್ಬಬೇಕು. ಗಾಳಿಗೆ ಮುಖಮಾಡಿ, ಪಾದ-ಮಂಡಿ ಜೋಡಿಸಿ ಇಳಿಯಬೇಕು. ಅಲೆಯಿಲ್ಲದ ನೀರಂತೂ ಮಹಾ ಮೋಸಗಾರ: ಎತ್ತರದ ಅಂದಾಜೇ ಸಿಗದು. ಇನ್ನೇನು ಮುಟ್ಟಿದೆನೆಂದು ಪಟ್ಟಿ ಬಿಚ್ಚಿದವನು ಮರದೆತ್ತರದಿಂದ ಬಿದ್ದಾನು!

ಹಿಂದೆ ಇದನ್ನೆಲ್ಲ ಷೆಡ್ಡಿನ ತೊಲೆಗೆ ನೇತುಹಾಕಿ ಕಲಿಸುತ್ತಿದ್ದರು. ‘ಈಗ ಕೆಳಗೆ ಕಾಡು’, ‘ಈಗ ವಿದ್ಯುತ್ ತಂತಿ’ ಎಂದು ಶಿಕ್ಷಕ ಕೂಗಬೇಕು, ಶಿಷ್ಯ ಊಹಿಸಿಕೊಳ್ಳಬೇಕು. ಆ ಊಹೆಯ ಜಾಗಕ್ಕೆ ಕಂಪ್ಯೂಟರ್ ಬಂದದ್ದು ಅಮೆರಿಕದಲ್ಲಿ, ಅದೂ ಕಾಡ್ಗಿಚ್ಚು ಆರಿಸುವವರಿಗಾಗಿ. 1940ರಿಂದಲೇ ಅಲ್ಲಿನ ಅರಣ್ಯ ಇಲಾಖೆಯವರು ಬೆಂಕಿ ಬಿದ್ದಲ್ಲಿಗೆ ಪ್ಯಾರಾಚೂಟ್‌ನಲ್ಲಿ ಇಳಿಯುತ್ತಾರೆ. ಅವರ ತರಬೇತಿಗೆಂದು ಕ್ಯಾಲಿಫೋರ್ನಿಯಾದ ಸಿಸ್ಟಮ್ಸ್ ಟೆಕ್ನಾಲಜಿ ಎಂಬ ಸಂಸ್ಥೆ 1990ರ ದಶಕದ ಆರಂಭದಲ್ಲಿ ಈ ಯಂತ್ರ ರೂಪಿಸಿತು. ಮುಂದೆ ಸೇನೆಯೂ ಇಂಥ ಯಂತ್ರಗಳನ್ನು ಬಳಸತೊಡಗಿತು. ಫ್ಲಾರಿಡಾದ ಪೆನ್ಸಕೋಲಾದಲ್ಲಿ ನೌಕಾಪಡೆಯ ವೈಮಾನಿಕರು ಅದರಲ್ಲಿ ಕಲಿತಿದ್ದಾರೆ.

ಇಲ್ಲಿಯೂ ಶಿಷ್ಯ ನೇತಾಡುತ್ತಾನೆ. ಆದರೆ ಕಣ್ಣಿಗೆ ಪುಟ್ಟ ಪರದೆಗಳ ಕನ್ನಡಕ. ಕೈಯಲ್ಲಿ ಹಗ್ಗ ಎಳೆದರೆ ಆ ಸೆಳೆತವನ್ನು ಕಂಪ್ಯೂಟರ್ ಗ್ರಹಿಸಿ ಕಣ್ಣೆದುರಿನ ಭೂಮಿಯನ್ನೇ ತಿರುಗಿಸುತ್ತದೆ. ಕತ್ತು ಹೊರಳಿಸಿದರೆ ನೋಟವೂ ಹೊರಳುತ್ತದೆ. ಇದರ ಜಾಣ್ಮೆಯೆಲ್ಲ ಅಲ್ಲೇ ಇದೆ. ಮೇಲೆ ಹಗ್ಗ ಹೆಣೆದುಕೊಂಡಿದ್ದರೂ ಶಿಷ್ಯ ತಲೆ ಎತ್ತುವವರೆಗೆ ಅವನಿಗೆ ಕಾಣುವುದಿಲ್ಲ. ಶಿಕ್ಷಕ ಎಚ್ಚರಿಸುವುದೂ ಇಲ್ಲ. ತಪ್ಪಿದರೆ ಸುಳ್ಳು ನೆಲಕ್ಕೆ ಬಿದ್ದು, ಮತ್ತೊಮ್ಮೆ ಮೊದಲಿನಿಂದ.

ಆದರೂ ಪ್ಯಾರಾಚೂಟ್ ಬಿಚ್ಚಿಕೊಳ್ಳುವಾಗಿನ ಜಗ್ಗು, ಚಳಿಗಾಳಿ, ಎದೆಬಡಿತ ಯಂತ್ರದಲ್ಲಿಲ್ಲ. ಅದರ ನೆಲ ಕಾಲಿಗೆ ತಾಗುವುದೂ ಇಲ್ಲ. ಆದ್ದರಿಂದ ಬಿದ್ದು ಉರುಳುವ ಪಾಠಕ್ಕೆ ಕಟ್ಟೆಯ ಮೇಲಿಂದ ಧುಮುಕಿಸುವ ಹಳೆಯ ಪದ್ಧತಿ ಇನ್ನೂ ಹೋಗಿಲ್ಲ.