ಪ್ಲಾಸ್ಮಾ ಪಡೆದವರಲ್ಲಿ 44, ಪಡೆಯದವರಲ್ಲಿ 41

2021ರ ಏಪ್ರಿಲ್ ಕೊನೆ, ಮೇ ಮೊದಲ ವಾರದ ವಾಟ್ಸ್‌ಆ್ಯಪ್ ಚಾಟ್‌ಗಳನ್ನು ಇನ್ನೂ ಅಳಿಸಿಲ್ಲ ಅಂದ್ರೆ ಒಮ್ಮೆ ಹಿಂದಕ್ಕೆ ಸ್ಕ್ರಾಲ್ ಮಾಡಿ ನೋಡಿ. ಆಕ್ಸಿಜನ್ ಸಿಲಿಂಡರ್, ರೆಮ್‌ಡೆಸಿವಿರ್, ಐಸಿಯು ಬೆಡ್. ಇವುಗಳ ನಡುವೆ ಮತ್ತೆ ಮತ್ತೆ ಬರುವ ಇನ್ನೊಂದು ಮೆಸೇಜು: 'ಅರ್ಜೆಂಟ್, ಬಿ ಪಾಸಿಟಿವ್ ಪ್ಲಾಸ್ಮಾ ಬೇಕು. ಕೋವಿಡ್‌ನಿಂದ ಗುಣವಾದವರು ಯಾರಾದ್ರೂ ಇದ್ರೆ ದಯವಿಟ್ಟು ಕಾಲ್ ಮಾಡಿ.' ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಕೇಸು ಬಂದ ದಿನಗಳವು. ನಮ್ಮ ಆಫೀಸಿನ ಹುಡುಗರು ದಾನಿಗಳ ಒಂದು ಶೀಟ್ ಮಾಡಿ ರಾತ್ರಿ ಎರಡು ಗಂಟೆಯವರೆಗೂ ಅಪ್‌ಡೇಟ್ ಮಾಡ್ತಿದ್ರು. ಎಷ್ಟೋ ಮಂದಿ ಗೊತ್ತಿಲ್ಲದ ರೋಗಿಗಾಗಿ ಲಾಕ್‌ಡೌನ್ ಪಾಸ್ ಹಿಡಿದು ಬೆಂಗಳೂರಿನ ಆ ತುದಿಯಿಂದ ಈ ತುದಿಗೆ ಹೋಗಿ ಬಂದರು. ಅದಕ್ಕೂ ಮುಂಚೆ, 2020ರ ಜುಲೈನಲ್ಲೇ, ಪ್ಲಾಸ್ಮಾ ದಾನಿಗಳಿಗೆ 5,000 ರೂಪಾಯಿ ಪ್ರೋತ್ಸಾಹಧನ ಕೊಡ್ತೀವಿ ಅಂತ ರಾಜ್ಯ ಸರ್ಕಾರ ಹೇಳಿತ್ತು.

ಇಷ್ಟೆಲ್ಲ ಓಡಾಟ ನಡೆಯುವ ಏಳು ತಿಂಗಳು ಮೊದಲೇ 'ಪ್ಲಾಸ್ಮಾದಿಂದ ಪ್ರಯೋಜನ ಇದೆಯಾ?' ಅನ್ನುವ ಪ್ರಶ್ನೆಗೆ ಉತ್ತರ ಬಂದಿತ್ತು. ಅದೂ ಬೇರೆ ಎಲ್ಲಿಂದಲೋ ಅಲ್ಲ, ನಮ್ಮ ದೇಶದ 39 ಆಸ್ಪತ್ರೆಗಳ ವಾರ್ಡುಗಳಿಂದಲೇ.

ಮೊದಲು ಪ್ಲಾಸ್ಮಾ ಅಂದ್ರೆ ಏನು ಅಂತ ಎರಡು ಮಾತು. ರಕ್ತದಿಂದ ಕಣಗಳನ್ನು ತೆಗೆದರೆ ಉಳಿಯುವ ತಿಳಿಹಳದಿ ದ್ರವ ಅದು. ಕಾಯಿಲೆಯಿಂದ ಗುಣವಾದವರ ಪ್ಲಾಸ್ಮಾದಲ್ಲಿ ಆ ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ಇರುತ್ತವೆ. ಅದನ್ನು ಈಗ ಒದ್ದಾಡುತ್ತಿರುವವರಿಗೆ ಕೊಟ್ಟರೆ ರೆಡಿಮೇಡ್ ಸೈನ್ಯ ಸಿಕ್ಕ ಹಾಗೆ ಅನ್ನೋದು ಲೆಕ್ಕಾಚಾರ. (ರಕ್ತದಾನದಲ್ಲಿ ಓ ನೆಗೆಟಿವ್‌ಗೆ ಇರುವ ಬೆಲೆ ಪ್ಲಾಸ್ಮಾದಲ್ಲಿ ಎಬಿ ಗುಂಪಿನವರಿಗೆ. ಅವರ ಪ್ಲಾಸ್ಮಾ ಎಲ್ಲರಿಗೂ ಆಗುತ್ತೆ. ನನ್ನ ಎಬಿ ಗೆಳೆಯನೊಬ್ಬನಿಗೆ ಆ ತಿಂಗಳು ಬಂದಷ್ಟು ಫೋನ್ ಕಾಲ್ ಅವನ ಮದುವೆಗೂ ಬಂದಿರಲಿಕ್ಕಿಲ್ಲ.)

ಈ ಯೋಚನೆ ಹಳೆಯದು, ಮತ್ತು ಖಂಡಿತ ಹುಚ್ಚುತನ ಅಲ್ಲ. ರಕ್ತದ ಸೀರಮ್ಮಿನಿಂದ ಗಂಟಲುಮಾರಿಗೆ, ಅಂದರೆ ಡಿಫ್ತೀರಿಯಾಕ್ಕೆ, ಚಿಕಿತ್ಸೆ ಕಂಡುಹಿಡಿದ ಎಮಿಲ್ ಫಾನ್ ಬೆಹ್ರಿಂಗ್‌ಗೆ 1901ರಲ್ಲಿ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂತು. ಆ ಸೀರಮ್ ನಿಜವಾಗಿ ಜೀವ ಉಳಿಸುತ್ತಾ ಅಂತ ನೋಡಿದವನು ಕೋಪನ್‌ಹೇಗನ್ನಿನ ಯುವ ವೈದ್ಯ ಯೊಹಾನ್ನೆಸ್ ಫಿಬಿಗರ್. ಅವನು ಮಾಡಿದ್ದು ಬಹಳ ಸರಳ. ಇವತ್ತು ಆಸ್ಪತ್ರೆಗೆ ಸೇರಿದವರಿಗೆ ಸೀರಮ್, ನಾಳೆ ಸೇರಿದವರಿಗೆ ಇಲ್ಲ, ನಾಡಿದ್ದು ಮತ್ತೆ ಸೀರಮ್. ಒಂದು ವರ್ಷ ಹೀಗೇ ನಡೆಸಿ 1898ರಲ್ಲಿ ಲೆಕ್ಕ ಪ್ರಕಟಿಸಿದ. ಸೀರಮ್ ಪಡೆದ 239 ಮಂದಿಯಲ್ಲಿ ಸತ್ತವರು 8, ಪಡೆಯದ 245 ಮಂದಿಯಲ್ಲಿ 30. ವಾದಕ್ಕೆ ಜಾಗವೇ ಇಲ್ಲ. (ಇದೇ ಫಿಬಿಗರ್‌ಗೆ ಮುಂದೆ ನೊಬೆಲ್ ಬಂದದ್ದು, ಹುಳದಿಂದ ಕ್ಯಾನ್ಸರ್ ಬರುತ್ತೆ ಅಂತ ಇಲಿಗಳಲ್ಲಿ ತೋರಿಸಿದ್ದಕ್ಕೆ. ಅದು ಆಮೇಲೆ ಸುಳ್ಳಾಯಿತು. ಬಹುಮಾನ ಬರಬೇಕಿದ್ದದ್ದು ಈ ಕೆಲಸಕ್ಕೆ ಅನ್ನಿಸುತ್ತೆ ನನಗೆ.) ಅರ್ಜೆಂಟೀನಾದಲ್ಲೂ 1979ರಲ್ಲಿ ಒಂದು ರಕ್ತಸ್ರಾವ ಜ್ವರಕ್ಕೆ ಗುಣವಾದವರ ಪ್ಲಾಸ್ಮಾ ಕೊಟ್ಟು ನೋಡಿದಾಗ, ಸಾವು ನೂರಕ್ಕೆ ಸುಮಾರು 16ರಿಂದ 1ಕ್ಕೆ ಇಳಿಯಿತು.

ಹಾಗಾಗಿ 2020ರಲ್ಲಿ ವೈದ್ಯರು ಪ್ಲಾಸ್ಮಾ ಕಡೆ ನೋಡಿದ್ದು ಸಹಜ. ಕೈಯಲ್ಲಿ ಬೇರೆ ಏನೂ ಇರಲಿಲ್ಲ. ಪ್ರಶ್ನೆ ಇದ್ದದ್ದು ಒಂದೇ. ಎಲ್ಲರಿಗೂ ಕೊಟ್ಟುಬಿಡೋದಾ, ಇಲ್ಲ ಫಿಬಿಗರ್ ಥರ ಕೆಲವರಿಗೆ ಕೊಟ್ಟು, ಕೆಲವರಿಗೆ ಕೊಡದೆ ನೋಡೋದಾ?

ಅಮೆರಿಕ ಮೊದಲ ದಾರಿ ಹಿಡಿಯಿತು. ಬೇಕಾದವರಿಗೆಲ್ಲ ಪ್ಲಾಸ್ಮಾ ಸಿಗುವ ವ್ಯವಸ್ಥೆ ಮಾಡಿ ಕೆಲವೇ ತಿಂಗಳಲ್ಲಿ ಸುಮಾರು ಒಂದು ಲಕ್ಷ ರೋಗಿಗಳಿಗೆ ಕೊಟ್ಟರು. ಆದರೆ ಹೋಲಿಸಿ ನೋಡೋಣ ಅಂದ್ರೆ ಪ್ಲಾಸ್ಮಾ ಪಡೆಯದವರ ಗುಂಪೇ ಇಲ್ಲ! 2020ರ ಆಗಸ್ಟ್‌ನಲ್ಲಿ ತುರ್ತು ಅನುಮತಿ ಘೋಷಿಸುವಾಗ ಅಲ್ಲಿನ ಎಫ್‌ಡಿಎ ಮುಖ್ಯಸ್ಥ ಸ್ಟೀಫನ್ ಹಾನ್, ನೂರು ರೋಗಿಗಳಲ್ಲಿ 35 ಜನರ ಜೀವ ಉಳಿಯಬಹುದಿತ್ತು ಅನ್ನೋ ಅರ್ಥದಲ್ಲಿ ಮಾತಾಡಿ, ಮಾರನೇ ದಿನ ತಿದ್ದಿಕೊಳ್ಳಬೇಕಾಯ್ತು. ಪ್ಲಾಸ್ಮಾ ಪಡೆದವರೊಳಗೇ ಪ್ರತಿಕಾಯ ಹೆಚ್ಚಿದ್ದ ಪ್ಲಾಸ್ಮಾಕ್ಕೂ ಕಡಿಮೆ ಇದ್ದದ್ದಕ್ಕೂ ಇದ್ದ ವ್ಯತ್ಯಾಸದಿಂದ ಬಂದ ಅಂಕಿ ಅದು. ಲಕ್ಷ ಜನರ ಡೇಟಾ ಇಟ್ಟುಕೊಂಡೂ 'ಕೊಟ್ಟರೆ ಒಳ್ಳೆಯದಾ, ಕೊಡದಿದ್ರೆ ಏನು?' ಅಂತ ನೇರವಾಗಿ ಹೇಳೋಕೆ ಆಗಲಿಲ್ಲ.

ಸಾಫ್ಟ್‌ವೇರ್‌ನಲ್ಲಿ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಬಟನ್ನಿನ ಬಣ್ಣ ಬದಲಿಸಬೇಕಾದರೂ ಅರ್ಧ ಬಳಕೆದಾರರಿಗೆ ಹಳೆಯದು, ಅರ್ಧ ಜನಕ್ಕೆ ಹೊಸದು ತೋರಿಸಿ ಎ/ಬಿ ಟೆಸ್ಟ್ ಮಾಡ್ತೀವಿ. ದೀಪಾವಳಿ ಸೇಲ್ ದಿನ ಎಲ್ಲರಿಗೂ ಹೊಸ ಬಟನ್ ಕೊಟ್ಟು 'ನೋಡಿ, ವ್ಯಾಪಾರ ಜಾಸ್ತಿ ಆಯ್ತು' ಅಂದ್ರೆ ಮ್ಯಾನೇಜರ್ ನಗ್ತಾರೆ. ಬಟನ್ನಿಗೆ ಕೇಳುವ ಸಾಕ್ಷಿಯನ್ನು ಅಪ್ಪನಿಗೆ ಏರಿಸುವ ಬಾಟಲಿಗೆ ನಾವು ಕೇಳಲ್ಲ. ಕೇಳುವ ಸ್ಥಿತಿಯಲ್ಲಿ ಇರೋದೂ ಇಲ್ಲ, ಅದು ಬೇರೆ ಮಾತು.

ಭಾರತ ಎರಡನೇ ದಾರಿ ಹಿಡಿಯಿತು ಅನ್ನೋದು ನನಗೆ ಇವತ್ತಿಗೂ ಹೆಮ್ಮೆಯ ವಿಷಯ. ಐಸಿಎಂಆರ್ ನಡೆಸಿದ ಈ ಪ್ರಯೋಗದ ಹೆಸರು ಪ್ಲಾಸಿಡ್. 2020ರ ಏಪ್ರಿಲ್ 22ರಿಂದ ಜುಲೈ 14ರವರೆಗೆ, ದೇಶವೇ ಬಾಗಿಲು ಹಾಕಿಕೊಂಡಿದ್ದ ಹೊತ್ತಿನಲ್ಲಿ, ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ 464 ರೋಗಿಗಳು ಸೇರಿದರು. ಎಲ್ಲರೂ ಮಧ್ಯಮ ಹಂತದ ಕಾಯಿಲೆಯವರು. ಉಸಿರಾಟಕ್ಕೆ ಕಷ್ಟ ಇದೆ, ಆದರೆ ವೆಂಟಿಲೇಟರ್ ಹಂತ ತಲುಪಿಲ್ಲ. ಯಾರು ಯಾವ ಗುಂಪು ಅನ್ನೋದನ್ನು ವೈದ್ಯರೂ ಆರಿಸುವ ಹಾಗಿಲ್ಲ, ರೋಗಿಯೂ ಆರಿಸುವ ಹಾಗಿಲ್ಲ. ಚೀಟಿ ಎತ್ತಿದ ಹಾಗೆ. 235 ಮಂದಿಗೆ ಮಾಮೂಲಿ ಚಿಕಿತ್ಸೆಯ ಜೊತೆ 200 ಎಂ.ಎಲ್. ಪ್ಲಾಸ್ಮಾ, 24 ಗಂಟೆ ಬಿಟ್ಟು ಇನ್ನೊಂದು 200 ಎಂ.ಎಲ್. ಉಳಿದ 229 ಮಂದಿಗೆ ಮಾಮೂಲಿ ಚಿಕಿತ್ಸೆ ಮಾತ್ರ. 28 ದಿನದೊಳಗೆ ಎಷ್ಟು ಜನರ ಕಾಯಿಲೆ ತೀವ್ರವಾಯಿತು ಅಥವಾ ಎಷ್ಟು ಜನ ತೀರಿಕೊಂಡರು ಅನ್ನೋದು ಲೆಕ್ಕ.

ಪ್ಲಾಸ್ಮಾ ಪಡೆದವರಲ್ಲಿ 44. ಪಡೆಯದವರಲ್ಲಿ 41. ಶೇಕಡ 19 ಮತ್ತು ಶೇಕಡ 18. ಅಂದರೆ ವ್ಯತ್ಯಾಸ ಇಲ್ಲ. ಫಲಿತಾಂಶ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು.

ಆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಾಲು. ಏಳನೇ ದಿನ ಕೇಳಿದಾಗ ಪ್ಲಾಸ್ಮಾ ಪಡೆದವರಲ್ಲಿ ಹೆಚ್ಚು ಜನ ಉಸಿರಾಟ ಸರಾಗವಾಗಿದೆ, ಸುಸ್ತು ಕಡಿಮೆಯಾಗಿದೆ ಅಂದರು. ಟೆಸ್ಟ್‌ನಲ್ಲಿ ವೈರಸ್ ನೆಗೆಟಿವ್ ಆದವರೂ ಆ ಗುಂಪಿನಲ್ಲೇ ಹೆಚ್ಚು. ಯಾರಿಗೆ ಬಾಟಲಿ ಏರಿದೆ ಅನ್ನೋದು ಎಲ್ಲರಿಗೂ ಕಾಣ್ತಿತ್ತು ನೋಡಿ, ಹುಷಾರಾಗಿದ್ದೀನಿ ಅನ್ನಿಸೋದರಲ್ಲಿ ಅದರ ಪಾಲೂ ಇರಬಹುದು. ಪ್ಲಾಸ್ಮಾ ಏನೂ ಮಾಡಲೇ ಇಲ್ಲ ಅಂತಲ್ಲ. ವೈರಸ್ ಮೇಲೆ ಏನೋ ಪರಿಣಾಮ ಆಗಿರಬಹುದು, ಆದರೆ ಅದು ಯಾರನ್ನೂ ಐಸಿಯುನಿಂದ ತಪ್ಪಿಸಲಿಲ್ಲ. ವಾರ್ಡಿನಲ್ಲಿ ನಿಂತು ಬರೀ ಕಣ್ಣಿನಲ್ಲಿ ನೋಡಿದ ವೈದ್ಯರಿಗೆ 'ಕೆಲಸ ಮಾಡ್ತಿದೆ' ಅನ್ನಿಸಿದ್ದರೆ ಆಶ್ಚರ್ಯ ಇಲ್ಲ.

ನನ್ನ ಗೆಳೆಯನ ತಂದೆಗೆ 2021ರ ಮೇನಲ್ಲಿ ಪ್ಲಾಸ್ಮಾ ಕೊಡಿಸಿದರು. 'ಇದರಿಂದ ಪ್ರಯೋಜನ ಇದೆಯಾ ಸಾರ್?' ಅಂತ ಇವನು ಕೇಳಿದ್ದಕ್ಕೆ ಡ್ಯೂಟಿ ಡಾಕ್ಟರ್ 'ಕೆಲವರಿಗೆ ಆಗಿದೆ, ತಂದ್ರೆ ಹಾಕ್ತೀವಿ' ಅಂದರಂತೆ. ಅಂಕಲ್ ಹನ್ನೆರಡು ದಿನ ಬಿಟ್ಟು ಮನೆಗೆ ಬಂದರು, ಈಗಲೂ ಗಟ್ಟಿಯಾಗಿದ್ದಾರೆ. ಪ್ಲಾಸ್ಮಾದಿಂದಲೇ ಉಳಿದರು ಅಂತ ಗೆಳೆಯನ ನಂಬಿಕೆ. ನಾನು ಅವನ ಹತ್ತಿರ ವಾದಕ್ಕೆ ಹೋಗಿಲ್ಲ, ಹೋಗೋದೂ ಇಲ್ಲ. ಆದರೆ ಇಲ್ಲಿ ಬರೀಬಹುದು: ಪ್ಲಾಸಿಡ್‌ನಲ್ಲಿ ಪ್ಲಾಸ್ಮಾ ಸಿಗದ ಗುಂಪಿನಲ್ಲೂ ನೂರಕ್ಕೆ 82 ಮಂದಿಯ ಕಾಯಿಲೆ ತೀವ್ರವಾಗಲಿಲ್ಲ, ಅವರು ಸಾಯಲೂ ಇಲ್ಲ. ಆ 82 ಮಂದಿಗೆ ಪ್ಲಾಸ್ಮಾ ಕೊಟ್ಟಿದ್ದರೆ ಅವರ ಮನೆಯವರೆಲ್ಲ ಅದಕ್ಕೇ ಕೈಮುಗಿಯುತ್ತಿದ್ದರು. ಉಳಿದವರ ಮನೆಯವರು 'ಸ್ವಲ್ಪ ಮುಂಚೆ ಕೊಟ್ಟಿದ್ರೆ' ಅಂದುಕೊಳ್ಳುತ್ತಿದ್ದರು.

ಪ್ಲಾಸಿಡ್ ಮೇಲೆ ಬಂದ ಆಕ್ಷೇಪಗಳೂ ಸುಮ್ಮನೆ ತಳ್ಳಿಹಾಕುವಂಥವಲ್ಲ. ಪ್ಲಾಸ್ಮಾ ಕೊಡುವ ಮೊದಲು ಅದರಲ್ಲಿ ಪ್ರತಿಕಾಯ ಎಷ್ಟಿದೆ ಅಂತ ಅಳೆದಿರಲಿಲ್ಲ, ಆಗ ಅದಕ್ಕೆ ಸರಿಯಾದ ಕಿಟ್ ಇರಲಿಲ್ಲ. 'ಸಪ್ಪೆ ಪ್ಲಾಸ್ಮಾ ಕೊಟ್ಟು ಕೆಲಸ ಮಾಡಲಿಲ್ಲ ಅಂದ್ರೆ ಹೇಗೆ?' ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟದ್ದು ಬ್ರಿಟನ್ನಿನ ರಿಕವರಿ ಪ್ರಯೋಗ. ಅಲ್ಲಿ ಪ್ರತಿಕಾಯ ಹೆಚ್ಚಿರುವ ಪ್ಲಾಸ್ಮಾವನ್ನೇ ಆರಿಸಿ, 11,558 ರೋಗಿಗಳಲ್ಲಿ ಚೀಟಿ ಎತ್ತಿ ನೋಡಿದರು. ಎರಡೂ ಗುಂಪಿನಲ್ಲಿ ಶೇಕಡ 24 ಮಂದಿ ತೀರಿಕೊಂಡರು. ಲ್ಯಾನ್ಸೆಟ್‌ನಲ್ಲಿ ಅದು ಬಂದದ್ದು 2021ರ ಮೇ 14ಕ್ಕೆ. ಮೂರೇ ದಿನಕ್ಕೆ, ಮೇ 17ರಂದು, ನಮ್ಮ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ತೆಗೆದುಹಾಕಿದರು. ನಮ್ಮದೇ ಪ್ರಯೋಗ ಹೇಳಿದ್ದನ್ನು ಕೇಳಿಸಿಕೊಳ್ಳೋಕೆ ಏಳು ತಿಂಗಳು ಬೇಕಾಯ್ತು. ಅಷ್ಟರಲ್ಲಿ ಎರಡನೇ ಅಲೆ ನೆತ್ತಿಗೆ ಬಂದು ಇಳಿಯೋಕೆ ಶುರುವಾಗಿತ್ತು.

ಹಾಗಾದ್ರೆ ಡಿಫ್ತೀರಿಯಾದಲ್ಲಿ ಗೆದ್ದದ್ದು ಇಲ್ಲಿ ಯಾಕೆ ಸೋತಿತು? ಒಂದು ಕಾರಣ ಸಮಯ ಇರಬಹುದು. ಆಸ್ಪತ್ರೆಗೆ ಸೇರುವ ಹೊತ್ತಿಗೆ ಹೆಚ್ಚಿನ ಕೋವಿಡ್ ರೋಗಿಗಳ ದೇಹ ತನ್ನದೇ ಪ್ರತಿಕಾಯ ತಯಾರಿಸಿರುತ್ತೆ. ಆ ಹಂತದಲ್ಲಿ ಶ್ವಾಸಕೋಶ ಹಾಳಾಗೋದು ವೈರಸ್ಸಿಗಿಂತ ಹೆಚ್ಚಾಗಿ ದೇಹದ ಅತಿಯಾದ ಪ್ರತಿಕ್ರಿಯೆಯಿಂದ. ಅರ್ಜೆಂಟೀನಾದಲ್ಲೇ ಇನ್ನೊಂದು ಸಣ್ಣ ಪ್ರಯೋಗದಲ್ಲಿ 160 ಮಂದಿ ವಯಸ್ಸಾದವರನ್ನು ಸೇರಿಸಿ, ಅರ್ಧ ಜನಕ್ಕೆ ರೋಗಲಕ್ಷಣ ಶುರುವಾದ 72 ಗಂಟೆಯೊಳಗೆ ಪ್ರತಿಕಾಯ ತುಂಬಿದ ಪ್ಲಾಸ್ಮಾ ಕೊಟ್ಟಾಗ ತೀವ್ರ ಹಂತಕ್ಕೆ ಹೋದವರು ಶೇಕಡ 31ರ ಬದಲು 16. ಆದರೆ ನಮ್ಮಲ್ಲಿ ಪ್ಲಾಸ್ಮಾ ಹುಡುಕಾಟ ಶುರುವಾಗ್ತಿದ್ದದ್ದೇ ರೋಗಿ ಐಸಿಯು ಬಾಗಿಲು ದಾಟಿದ ಮೇಲೆ.

ಆ ಹಂತಕ್ಕೆ ಉಪಯೋಗಕ್ಕೆ ಬಂದದ್ದು ಹಳೇ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್. ಕೆಲವೇ ರೂಪಾಯಿಯ ಔಷಧ, ಯಾವ ವಾಟ್ಸ್‌ಆ್ಯಪ್ ಮೆಸೇಜೂ ಬೇಕಿಲ್ಲ. ಇದೂ ರಿಕವರಿ ಪ್ರಯೋಗದ್ದೇ ಫಲ, 2020ರ ಜೂನ್‌ನಲ್ಲಿ ಹೊರಗೆ ಬಂದದ್ದು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇಕಡ 41ರಿಂದ 29ಕ್ಕೆ ಇಳಿಯಿತು. ಆಕ್ಸಿಜನ್ನೇ ಬೇಡದವರಿಗೆ ಕೊಟ್ಟಾಗ ಮಾತ್ರ ಲಾಭ ಕಾಣಲಿಲ್ಲ, ಅಂಕಿ ಸ್ವಲ್ಪ ಉಲ್ಟಾ ದಿಕ್ಕಿಗೇ ಇತ್ತು. ಯಾರಿಗೆ ಕೊಡಬೇಕು ಅನ್ನುವಷ್ಟೇ ಸ್ಪಷ್ಟವಾಗಿ ಯಾರಿಗೆ ಕೊಡಬಾರದು ಅಂತಲೂ ಆ ಪ್ರಯೋಗ ಹೇಳಿತ್ತು. ಆದರೂ ಎರಡನೇ ಅಲೆಯಲ್ಲಿ ಸಣ್ಣ ಜ್ವರಕ್ಕೂ ಮನೆಯಲ್ಲೇ ಸ್ಟೀರಾಯ್ಡ್ ನುಂಗಿದವರನ್ನು ನಾವೆಲ್ಲ ನೋಡಿದ್ದೀವಿ.

'ಪ್ರಯೋಗ' ಅನ್ನೋ ಪದಕ್ಕೇ ನಮ್ಮಲ್ಲಿ ಒಂದು ಭಯ ಇದೆ. ನಮ್ಮವರನ್ನು ಇಲಿ ಮಾಡ್ತಾರಾ ಅಂತ. ಭಯಕ್ಕೆ ಕಾರಣವೇ ಇಲ್ಲ ಅಂತ ನಾನು ಹೇಳಲ್ಲ, ಬಡವರನ್ನು ಕೇಳದೆ ಸೇರಿಸಿದ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ಆದರೆ ಪುರಾವೆ ಇಲ್ಲದ ಔಷಧವನ್ನು ಎಲ್ಲರಿಗೂ ಕೊಡೋದೂ ಪ್ರಯೋಗವೇ ತಾನೇ? ಒಪ್ಪಿಗೆ ಪತ್ರ ಇಲ್ಲ, ಲೆಕ್ಕ ಇಡುವವರಿಲ್ಲ, ಕೊನೆಗೆ ಉತ್ತರವೂ ಇಲ್ಲ, ಅಷ್ಟೇ. ಪ್ಲಾಸಿಡ್‌ಗೆ ಸೇರಿದ 229 ಮಂದಿ, ನನಗೆ ಪ್ಲಾಸ್ಮಾ ಸಿಗದೆಯೂ ಇರಬಹುದು ಅಂತ ಗೊತ್ತಿದ್ದೂ, ಉಸಿರು ಕಟ್ಟುತ್ತಿರುವ ಹೊತ್ತಿನಲ್ಲಿ, ಸಹಿ ಹಾಕಿದವರು. ನನ್ನ ಕಣ್ಣಿಗೆ ಅವರು ಕೊಟ್ಟದ್ದು ದಾನಿಗಳು ಕೊಟ್ಟದ್ದಕ್ಕಿಂತ ಒಂದು ತೂಕ ಹೆಚ್ಚೇ.

ನಾಳೆ ನಿಮ್ಮ ಮನೆಯವರು ಅಡ್ಮಿಟ್ ಆದಾಗ ಯಾರಾದರೂ ಬಂದು 'ಒಂದು ಟ್ರಯಲ್ ನಡೀತಿದೆ, ಸೇರ್ತೀರಾ?' ಅಂತ ಕೇಳಬಹುದು. ಗಾಬರಿ ಬೇಡ, ಹಾಗಂತ ಕಣ್ಣುಮುಚ್ಚಿ ಸಹಿಯೂ ಬೇಡ. ಭಾರತದಲ್ಲಿ ನಡೆಯುವ ಔಷಧ ಪ್ರಯೋಗಗಳು ಸಿಟಿಆರ್‌ಐ ಅನ್ನೋ ಸರ್ಕಾರಿ ನೋಂದಣಿಯಲ್ಲಿ ಇರಬೇಕು. 2009ರಿಂದ ಇದು ಕಡ್ಡಾಯ. ನೋಂದಣಿ ಸಂಖ್ಯೆ ಕೇಳಿ, ಫೋನಿನಲ್ಲೇ ಹುಡುಕಿ ನೋಡಬಹುದು. ಎಥಿಕ್ಸ್ ಕಮಿಟಿ ಒಪ್ಪಿದೆಯಾ ಅಂತ ಕೇಳಿ. ಸೇರದಿದ್ದರೆ ಯಾವ ಚಿಕಿತ್ಸೆ ಸಿಗುತ್ತೆ, ಸೇರಿದರೆ ಬೇರೆ ಏನು ಆಗುತ್ತೆ, ಎರಡನ್ನೂ ಬಿಡಿಸಿ ಹೇಳೋಕೆ ಹೇಳಿ. ನಡುವೆ ಯಾವಾಗ ಬೇಕಾದರೂ ಹೊರಗೆ ಬರಬಹುದು, ಬಂದರೆ ಮಾಮೂಲಿ ಚಿಕಿತ್ಸೆಗೆ ತೊಂದರೆ ಮಾಡುವ ಹಾಗಿಲ್ಲ. ಪ್ರಯೋಗದಿಂದ ದೇಹಕ್ಕೆ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡಕ್ಕೂ 2019ರ ನಿಯಮಗಳಲ್ಲಿ ಅವಕಾಶ ಇದೆ. ಒಪ್ಪಿಗೆ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಓದೋಕೆ ಇಂಗ್ಲಿಷ್ ಹಾಳೆ ಕೊಟ್ಟು, ಅಮ್ಮನಿಗೆ ಇಂಗ್ಲಿಷ್ ಬರದಿದ್ದರೆ, ಕನ್ನಡದ್ದು ಕೊಡಿ ಅಂತ ಕೇಳಿ. ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಅದು ಇರಬೇಕು ಅನ್ನೋದೂ ನಿಯಮವೇ.