ನೆತ್ತಿಯಿಂದ ಕಿವಿಗಿಳಿಯುವ ಕುಲಾವಿ

ಮಾರ್ಗಶಿರ ಮಾಸ ಕಾಲಿಟ್ಟಿತೆಂದರೆ ದಾವಣಗೆರೆ ಜಿಲ್ಲೆಯ ಊರುಗಳಲ್ಲಿ ಬೆಳಗಿನ ಜಾವದ ಚಹರೆಯೇ ಬದಲಾಗುತ್ತದೆ. ಚನ್ನಗಿರಿಯ ಅಡಿಕೆ ತೋಟಗಳ ಮೇಲೆ ಮಂಜು ಕವಿಯುತ್ತದೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ಮೇಲಿಂದ ಬೀಸುವ ಗಾಳಿ ಮೈ ನಡುಗಿಸುತ್ತದೆ. ನ್ಯಾಮತಿಯ ಕಡೆಗೆ ಹೋದರೆ ಮಲೆನಾಡಿನ ತಂಪು ಎದುರಾಗುತ್ತದೆ. ಜಗಳೂರಿನ ಬಯಲಿನಲ್ಲಾದರೋ ತಡೆಯುವವರಿಲ್ಲದ ಒಣಗಾಳಿ. ಈ ನಾಲ್ಕು ತಾಲ್ಲೂಕುಗಳ ಮಣ್ಣು ಬೇರೆ, ಬೆಳೆ ಬೇರೆ, ಮಳೆಯ ಪ್ರಮಾಣವೂ ಬೇರೆ. ಆದರೆ ಮುಂಜಾನೆ ಬಸ್ಸಿಗಾಗಿ ಕಾದು ನಿಂತವರನ್ನು ಗಮನಿಸಿದರೆ ಎಲ್ಲೆಡೆಯೂ ಒಂದೇ ನೋಟ. ಗಂಡಸರು ಟವೆಲನ್ನು ಕಿವಿಯ ಮೇಲೆ ಬಿಗಿದು ಕಟ್ಟಿರುತ್ತಾರೆ. ಹೆಂಗಸರು ಸೆರಗನ್ನು ತಲೆತುಂಬ ಹೊದ್ದಿರುತ್ತಾರೆ. ಮುದುಕರು, ಮಕ್ಕಳು ಮಂಕಿಕ್ಯಾಪಿನೊಳಗೆ ಅಡಗಿರುತ್ತಾರೆ. ಕಾಲಿಗೆ ಚಪ್ಪಲಿಯಿಲ್ಲದಿದ್ದರೂ ಚಿಂತೆಯಿಲ್ಲ, ಕಿವಿ ಮಾತ್ರ ಮುಚ್ಚಿರಬೇಕು!

ಇದು ಕೇವಲ ರೂಢಿಯಲ್ಲ. ಹೊರಗಿವಿಯೆಂಬುದು ತೆಳು ಚರ್ಮದೊಳಗಿನ ಮೆದುಮೂಳೆ. ಅದನ್ನು ಬೆಚ್ಚಗಿಡಲು ಕೊಬ್ಬಿನ ಹೊದಿಕೆಯಿಲ್ಲ. ತಲೆಯಿಂದ ಹೊರಕ್ಕೆ ಚಾಚಿಕೊಂಡಿರುವುದರಿಂದ ಗಾಳಿ ಅದನ್ನು ಎರಡೂ ಬದಿಯಿಂದ ತಾಕುತ್ತದೆ. ಆದ್ದರಿಂದಲೇ ಚಳಿಯ ಅನುಭವ ಮೊದಲು ಕಿವಿಗೆ. ಬಾಣಂತಿಯ ಕಿವಿಗೆ ಹತ್ತಿಯಿಟ್ಟು ತಲೆಗೆ ಬಟ್ಟೆ ಸುತ್ತುವ ನಮ್ಮ ಅಜ್ಜಿಯರು ಈ ಕಾರಣವನ್ನು ವಿವರಿಸಿರಲಿಕ್ಕಿಲ್ಲ. ಆದರೆ ಅದರ ಪರಿಣಾಮವನ್ನು ಬಲ್ಲವರಾಗಿದ್ದರು.

ಕನ್ನಡ ನಾಡಿನ ಶಿರೋವಸ್ತ್ರಗಳು

ಕಿವಿ ಮುಚ್ಚುವ ಉಡುಪಿಗೆ ಕನ್ನಡದಲ್ಲಿ ಹೆಸರುಗಳ ಕೊರತೆಯಿಲ್ಲ. ಕೂಸಿನ ತಲೆಯನ್ನು ಕವಿದು ಗಲ್ಲದ ಕೆಳಗೆ ಕಟ್ಟಿಕೊಳ್ಳುವ ಟೋಪಿ ಕುಲಾವಿ. ಪಾರಸಿಯ ‘ಕುಲಾಹ್’ ಎಂಬ ಮಾತು ಕನ್ನಡದ ತೊಟ್ಟಿಲಿಗೆ ಬಂದು ಕುಲಾವಿಯಾಯಿತು. ತಲೆಯ ಜೊತೆಗೆ ಬೆನ್ನನ್ನೂ ಮುಚ್ಚುವಂತೆ ಇಳಿಬಿಟ್ಟದ್ದು ಕುಂಚಿಗೆ. ಮಳೆಗಾಲದ ಮಲೆನಾಡಿನಲ್ಲಿ ಎಲೆಗಳಿಂದ ಹೆಣೆದು ತಲೆಯ ಮೇಲಿಂದ ಬೆನ್ನಿಗಿಳಿಸಿಕೊಳ್ಳುವ ಗೊರಬು ಇದೆ. ಬಯಲುಸೀಮೆಯ ಕುರಿಗಾಹಿಗಾದರೋ ಇವೆಲ್ಲಕ್ಕೂ ಬದಲಾಗಿ ಒಂದೇ ಕಂಬಳಿ ಸಾಕು. ಅದರ ಒಂದು ಮೂಲೆಯನ್ನು ಮಡಿಸಿ ತಲೆಯ ಮೇಲೆ ಕೊಪ್ಪೆ ಮಾಡಿಕೊಂಡರೆ ಮಳೆ, ಗಾಳಿ, ಚಳಿ ಮೂರಕ್ಕೂ ಉತ್ತರವಾಯಿತು.

ಕಂಬಳಿಯ ಕೊಪ್ಪೆಗೆ ಕತ್ತರಿಯ ಹಂಗಿಲ್ಲ. ಮಗ್ಗದಿಂದ ಇಳಿದ ಚೌಕವೇ ಮಡಿಕೆಯ ಬಲದಿಂದ ಟೋಪಿಯಾಗುತ್ತದೆ. ಆದರೆ ಮಡಿಕೆ ತಲೆಯ ಆಕಾರಕ್ಕೆ ಅಂಟಿ ನಿಲ್ಲಲಾರದು, ಓಡಾಡಿದಾಗ ಜಾರುತ್ತದೆ. ತಲೆಯೆಂಬುದು ಗುಂಡು, ಬಟ್ಟೆಯೆಂಬುದು ಚಪ್ಪಟೆ. ಇವೆರಡನ್ನೂ ಹೊಂದಿಸುವುದು ಹೇಗೆ? ಈ ತೊಡಕನ್ನು ಹೊಲಿಗೆಯಿಲ್ಲದೆ ಬಿಡಿಸುವ ವಿದ್ಯೆಯೇ ಉಲ್ಲನ್ ಹೆಣಿಗೆ.

ದೂರದ ನಾಡಿನ ಗಂಡಸರು

ಹೆಣಿಗೆಯೆಂದರೆ ಹೆಂಗಸರ ಬಿಡುವಿನ ಕೆಲಸವೆಂದು ತಿಳಿದವರು ದಕ್ಷಿಣ ಅಮೆರಿಕದ ಪೆರು ದೇಶದತ್ತ ಒಮ್ಮೆ ನೋಡಬೇಕು. ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿರುವ ಟಿಟಿಕಾಕಾ ಸರೋವರದ ನಡುವೆ ತಾಕಿಲೆ ಎಂಬ ನಡುಗಡ್ಡೆಯಿದೆ. ಅಲ್ಲಿ ಟೋಪಿ ಹೆಣೆಯುವವರು ಗಂಡಸರು. ಕಿವಿಗಳ ಮೇಲೆ ಎರಡು ರೆಕ್ಕೆಗಳಂತೆ ಇಳಿಬೀಳುವ ಅವರ ಟೋಪಿಗೆ ‘ಚುಲ್ಯೊ’ ಎಂದು ಹೆಸರು. ಯುನೆಸ್ಕೊ ಸಂಸ್ಥೆಯು 2005ರಲ್ಲಿ ತಾಕಿಲೆಯ ನೇಯ್ಗೆ ಹೆಣಿಗೆಗಳ ಕಲೆಯನ್ನು ಮಾನವಕುಲದ ಪರಂಪರೆಯ ಅಮೂಲ್ಯ ಕೃತಿಗಳಲ್ಲೊಂದೆಂದು ಘೋಷಿಸಿತು.

ಇಂಗ್ಲೆಂಡಿನಲ್ಲಿ ಟೋಪಿಯು ಶಾಸನದ ವಿಷಯವೂ ಆಗಿತ್ತು. 1571ರಲ್ಲಿ ಅಲ್ಲಿಯ ಸಂಸತ್ತು, ಜನಸಾಮಾನ್ಯರು ಭಾನುವಾರ ಹಾಗೂ ಹಬ್ಬದ ದಿನಗಳಲ್ಲಿ ಉಣ್ಣೆಯ ಟೋಪಿಯನ್ನು ಧರಿಸಲೇಬೇಕೆಂದು ಕಾನೂನು ಮಾಡಿತು. ಟೋಪಿ ತಯಾರಿಸುವವರ ಜೀವನೋಪಾಯವನ್ನು ಉಳಿಸುವುದೇ ಅದರ ಉದ್ದೇಶವಾಗಿತ್ತು. ಕಾನೂನಿನಿಂದ ಕಸುಬು ಬಹಳ ಕಾಲ ಉಳಿಯದೆಂಬುದಕ್ಕೂ ಅದೇ ಸಾಕ್ಷಿ: 1597ರಲ್ಲಿ ಅದನ್ನು ರದ್ದುಗೊಳಿಸಲಾಯಿತು.

ಮೇಲಿನಿಂದಲೇ ಏಕೆ?

ಸಾಮಾನ್ಯವಾಗಿ ಟೋಪಿಯನ್ನು ಅಂಚಿನಿಂದ ಆರಂಭಿಸಿ ನೆತ್ತಿಯಲ್ಲಿ ಮುಗಿಸುವುದು ವಾಡಿಕೆ. ಕಿವಿಯ ರೆಕ್ಕೆಗಳಿರುವ ಟೋಪಿಯಾದರೆ ಮೊದಲು ಎರಡು ರೆಕ್ಕೆಗಳನ್ನು ಬೇರೆಬೇರೆಯಾಗಿ ಹೆಣೆದು, ಬಳಿಕ ನಡುವೆ ಕುಣಿಕೆಗಳನ್ನು ಸೇರಿಸಿ ಮೇಲೇರಬೇಕು. ಟೋಪಿ ತಲೆಗೆ ಸರಿಹೋಗುವುದೋ ಇಲ್ಲವೋ ಎಂಬುದು ತಿಳಿಯುವುದು ಕೆಲಸ ಬಹುಮಟ್ಟಿಗೆ ಮುಗಿದ ಮೇಲೆಯೇ.

ನೆತ್ತಿಯಿಂದ ಆರಂಭಿಸಿದರೆ ಈ ಅನಿಶ್ಚಿತತೆ ಇರುವುದಿಲ್ಲ. ಹೆಣೆಯುತ್ತಿರುವಾಗಲೇ ಮಗುವಿನ ತಲೆಯ ಮೇಲಿಟ್ಟು ನೋಡಬಹುದು. ಕಿವಿ ಎಲ್ಲಿ ಬರುತ್ತದೆಯೋ ಅಲ್ಲಿಯೇ ರೆಕ್ಕೆಯನ್ನು ಇಳಿಸಬಹುದು. ಉಲ್ಲನ್ ಕಡಿಮೆಯಾದರೆ ರೆಕ್ಕೆ ತುಸು ಗಿಡ್ಡವಾದೀತು, ಟೋಪಿ ಮಾತ್ರ ಅರ್ಧಕ್ಕೆ ನಿಲ್ಲದು. ಸುತ್ತಾಗಿ ಹೆಣೆಯುವುದರಿಂದ ಎಲ್ಲಿಯೂ ಹೊಲಿಗೆಯ ಗಂಟಿಲ್ಲ. ಎಳೆಯ ಮಗುವಿನ ನೆತ್ತಿಗೆ ಏನೂ ಒತ್ತುವುದಿಲ್ಲ. ಅಮೆರಿಕದ ಬಾರ್ಬರಾ ವಾಕರ್ ಎಂಬಾಕೆ 1972ರಲ್ಲಿ ಪ್ರಕಟಿಸಿದ ಪುಸ್ತಕವೊಂದು, ಟೋಪಿಯನ್ನಷ್ಟೇ ಅಲ್ಲ, ಎಲ್ಲ ಉಡುಪುಗಳನ್ನೂ ಮೇಲಿನಿಂದ ಕೆಳಕ್ಕೆ ಹೆಣೆಯುವ ಪದ್ಧತಿಯನ್ನು ಬಳಕೆಗೆ ತಂದಿತು.

ಇನ್ನೊಂದು ಅನುಕೂಲವನ್ನು ಮಧ್ಯಮ ವರ್ಗದ ಗೃಹಿಣಿಯರು ವಿಶೇಷವಾಗಿ ಮೆಚ್ಚುತ್ತಾರೆ. ಹೆಣಿಗೆಯನ್ನು ಮುಗಿದ ತುದಿಯಿಂದ ಮಾತ್ರ ಸುಲಭವಾಗಿ ಬಿಚ್ಚಬಹುದು. ನೆತ್ತಿಯಿಂದ ಇಳಿದ ಟೋಪಿಯಲ್ಲಿ ಆ ತುದಿ ಇರುವುದು ಕೆಳಗೆ. ಮಗು ಬೆಳೆದಾಗ ಅಂಚನ್ನು ಬಿಚ್ಚಿ ನಾಲ್ಕು ಸುತ್ತು ಸೇರಿಸಿದರೆ ಹಳೆಯ ಟೋಪಿ ಉದ್ದವಾಗುತ್ತದೆ. ಅಗಲವೂ ಬೇಕಿದ್ದರೆ ನೆತ್ತಿಯ ಬಿಲ್ಲೆಯವರೆಗೆ ಬಿಚ್ಚಿ ಮುಂದುವರಿಸಬಹುದು. ಅಣ್ಣನ ಟೋಪಿ ತಂಗಿಗೆ, ತಂಗಿಯದು ಚಿಕ್ಕಮ್ಮನ ಮಗುವಿಗೆ ಸಲ್ಲುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಹೆಣೆಯುವ ಕ್ರಮ

ಆರು ತಿಂಗಳ ಮಗುವಿನ ತಲೆಯ ಸುತ್ತಳತೆ ಸುಮಾರು 43 ಸೆಂಟಿಮೀಟರ್ ಇರುತ್ತದೆ. ಹೆಣಿಗೆ ಹಿಗ್ಗುವಂಥದಾದ್ದರಿಂದ ಟೋಪಿಯ ಸುತ್ತಳತೆ 40 ಸೆಂಟಿಮೀಟರ್ ಇದ್ದರೆ ಸಾಕು. ಮಧ್ಯಮ ದಪ್ಪದ 50 ಗ್ರಾಂ ಉಲ್ಲನ್ ಉಂಡೆ, 4 ಮಿಲಿಮೀಟರ್ ದಪ್ಪದ, ಎರಡೂ ತುದಿ ಚೂಪಾದ ಐದು ಕಡ್ಡಿಗಳು ಬೇಕು.

ಮೊದಲು ಒಂದು ಚಿಕ್ಕ ಚೌಕವನ್ನು ಹೆಣೆದು ಅಳೆದು ನೋಡಬೇಕು. 10 ಸೆಂಟಿಮೀಟರ್ ಅಗಲದಲ್ಲಿ 20 ಕುಣಿಕೆಗಳು, ಅಷ್ಟೇ ಎತ್ತರದಲ್ಲಿ 28 ಸಾಲುಗಳು ಬಂದರೆ ಇಲ್ಲಿಯ ಲೆಕ್ಕ ಸರಿಹೋಗುತ್ತದೆ. ಕೈ ಸಡಿಲವಾಗಿ 18 ಕುಣಿಕೆಗಳೇ ಬಂದರೆ ಟೋಪಿ 4 ಸೆಂಟಿಮೀಟರಿಗೂ ಹೆಚ್ಚು ದೊಡ್ಡದಾಗುತ್ತದೆ. ಆಗ ಸಣ್ಣ ಕಡ್ಡಿಗಳನ್ನು ಹಿಡಿಯಬೇಕು.

ಎಂಟು ಕುಣಿಕೆಗಳನ್ನು ಏರಿಸಿ, ನಾಲ್ಕು ಕಡ್ಡಿಗಳಿಗೆ ಎರಡೆರಡರಂತೆ ಹಂಚಿ, ಐದನೆಯ ಕಡ್ಡಿಯಿಂದ ಸುತ್ತಾಗಿ ಹೆಣೆಯಬೇಕು. ಒಂದು ಸುತ್ತಿನಲ್ಲಿ ಎಂಟು ಕಡೆ ಒಂದೊಂದು ಕುಣಿಕೆಯನ್ನು ಹೆಚ್ಚಿಸುವುದು. ಮರುಸುತ್ತನ್ನು ಹೆಚ್ಚಿಸದೆ ಹೆಣೆಯುವುದು. ಹೀಗೆ 8 ಇದ್ದದ್ದು 16, 24, 32 ಎಂದು ಬೆಳೆದು ಹದಿನೆಂಟು ಸುತ್ತುಗಳಲ್ಲಿ 80 ಆಗುತ್ತದೆ. ಸುತ್ತು ಹೆಣಿಗೆಯಲ್ಲಿ ಯಾವಾಗಲೂ ಬಟ್ಟೆಯ ಹೊರಮೈಯೇ ಕಣ್ಣೆದುರು ಇರುವುದರಿಂದ ಎಲ್ಲ ಕುಣಿಕೆಗಳೂ ಸೀದಾ. ಉಲ್ಟಾ ಹೆಣೆಯುವ ಅಗತ್ಯವಿಲ್ಲ.

ಎಂಟೇ ಏಕೆ ಎಂದು ಕೇಳಬಹುದು. ಇದಕ್ಕೆ ಉತ್ತರ ಶಾಲೆಯ ಗಣಿತದಲ್ಲಿದೆ. ವೃತ್ತದ ತ್ರಿಜ್ಯ 1 ಸೆಂಟಿಮೀಟರ್ ಬೆಳೆದರೆ ಪರಿಧಿ ಸುಮಾರು 6.28 ಸೆಂಟಿಮೀಟರ್ ಬೆಳೆಯಬೇಕು. ಎರಡು ಸುತ್ತಿಗೆ ಎಂಟರಂತೆ ಕುಣಿಕೆ ಹೆಚ್ಚಿಸಿದರೆ ಬೆಳವಣಿಗೆ ಬಹುಮಟ್ಟಿಗೆ ಈ ಲೆಕ್ಕವನ್ನೇ ಅನುಸರಿಸುತ್ತದೆ; ಬಿಲ್ಲೆ ಚಪ್ಪಟೆಯಾಗಿ ಹರಡುತ್ತದೆ. ಕಡಿಮೆ ಹೆಚ್ಚಿಸಿದರೆ ಗೋಪುರದಂತೆ ಮೊನಚಾಗುತ್ತದೆ, ವಿಪರೀತ ಹೆಚ್ಚಿಸಿದರೆ ಹಪ್ಪಳದ ಅಂಚಿನಂತೆ ಸೊಟ್ಟಗಾಗುತ್ತದೆ. ಬುಟ್ಟಿ ಹೆಣೆಯುವವರು ತಳದಿಂದ ಕಡ್ಡಿಗಳನ್ನು ಹರಡಿಸುವಾಗ ಪಾಲಿಸುವುದೂ ಇದೇ ನಿಯಮವನ್ನು.

80 ಕುಣಿಕೆಗಳಾದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿ 24 ಸುತ್ತು ನೇರವಾಗಿ ಇಳಿಯಬೇಕು. ನೆತ್ತಿಯಿಂದ ಅಂಚಿನವರೆಗೆ ಆಗ ಸುಮಾರು 15 ಸೆಂಟಿಮೀಟರ್ ಆಗಿರುತ್ತದೆ. ಇಲ್ಲಿ 80 ಕುಣಿಕೆಗಳನ್ನು ಪಾಲು ಮಾಡಬೇಕು: ಹಣೆಗೆ 28, ಹಿಂದಲೆಗೆ 16, ಕಿವಿಗಳಿಗೆ ತಲಾ 18. ಕಿವಿಗಳು ತಲೆಯ ನಟ್ಟನಡುವೆ ಇಲ್ಲದೆ ತುಸು ಹಿಂದಕ್ಕಿರುವುದರಿಂದಲೇ ಹಣೆಯ ಪಾಲು ದೊಡ್ಡದು. ಹಣೆಯ ಮತ್ತು ಹಿಂದಲೆಯ ಕುಣಿಕೆಗಳನ್ನು ಸಡಿಲವಾಗಿ ಮುಚ್ಚಿ, ಉಳಿದ 18ರ ಮೇಲೆ ಹಿಂದೆ ಮುಂದೆ ತಿರುಗುತ್ತ ರೆಕ್ಕೆಯನ್ನು ಹೆಣೆಯಬೇಕು. ಇಲ್ಲಿ ಪ್ರತಿ ಸಾಲನ್ನೂ ಸೀದಾ ಹೆಣೆದರೆ ಅಂಚು ಸುರುಳಿಗೊಳ್ಳದು. ನಾಲ್ಕು ಸಾಲುಗಳ ಬಳಿಕ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಎರಡೂ ತುದಿಯಿಂದ ಒಂದೊಂದು ಕುಣಿಕೆಯನ್ನು ಇಳಿಸುತ್ತ ಬಂದರೆ ಏಳು ಬಾರಿ ಇಳಿಸಿದಾಗ 4 ಕುಣಿಕೆಗಳು ಉಳಿಯುತ್ತವೆ. ಅವನ್ನು ಮುಚ್ಚಿದರೆ ರೆಕ್ಕೆ ಸಿದ್ಧ.

ಕೂಸಿನ ಸುರಕ್ಷತೆ

ದೊಡ್ಡವರ ಟೋಪಿಗೆ ರೆಕ್ಕೆಯ ತುದಿಯಿಂದ ದಾರ ಇಳಿಬಿಡುವುದು ಚೆಂದ. ಎಳೆಯ ಮಗುವಿಗೆ ಉದ್ದದ ದಾರ ಕೂಡದು; ಅದು ಕೊರಳಿಗೆ ಸುತ್ತಿಕೊಂಡರೆ ಪ್ರಾಣಾಪಾಯ. ಬೆಚ್ಚಗಿನ ಕೋಣೆಯಲ್ಲಿ ಮಲಗಿದ ಮಗುವಿಗೆ ಟೋಪಿ ಹಾಕುವುದನ್ನೂ ಮಕ್ಕಳ ತಜ್ಞರು ಒಪ್ಪುವುದಿಲ್ಲ. ಮೈಯ ಕಾವು ಹೊರಹೋಗಲು ದಾರಿಯಿಲ್ಲದಾಗಬಹುದು. ಟೋಪಿ ಜಾರಿ ಮೂಗು ಬಾಯಿ ಮುಚ್ಚಬಹುದು. ಹೊರಗೆ ಹೋಗುವಾಗ ತೊಡಿಸಿ, ಒಳಗೆ ಬಂದಾಗ ತೆಗೆಯುವುದು ಲೇಸು. ಹಗಲಿರುಳೂ ಕುಲಾವಿ ಬಿಗಿಯುವ ಹಳೆಯ ಅಭ್ಯಾಸವನ್ನು ಈ ವಿಷಯದಲ್ಲಿ ಕೈಬಿಡಬೇಕಾಗುತ್ತದೆ.

ಇದಕ್ಕೆ ಅಪವಾದವಾಗಿರುವವರು ತೂಕ ಕಡಿಮೆಯಿರುವ ನವಜಾತ ಶಿಶುಗಳು. ಹುಟ್ಟಿದಾಗ 2,500 ಗ್ರಾಮಿಗಿಂತ ಕಡಿಮೆ ತೂಗುವ ಮಗುವಿಗೆ ತನ್ನ ಕಾವನ್ನು ತಾನೇ ಉಳಿಸಿಕೊಳ್ಳುವ ಶಕ್ತಿ ಸಾಲದು. ಮೈಗೆ ಹೋಲಿಸಿದರೆ ಅದರ ತಲೆಯೂ ದೊಡ್ಡದು. ಇಂಥ ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಿ, ಟೋಪಿ, ಕಾಲುಚೀಲಗಳನ್ನಷ್ಟೇ ತೊಡಿಸುವ ಕಾಂಗರೂ ಆರೈಕೆ 1970ರ ದಶಕದ ಕೊನೆಯಲ್ಲಿ ಕೊಲಂಬಿಯದ ಬೊಗೋಟಾ ನಗರದಲ್ಲಿ ಆರಂಭವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವು, ಈ ಆರೈಕೆಯನ್ನು ಹುಟ್ಟಿದೊಡನೆಯೇ ಆರಂಭಿಸಿದರೆ ಮೊದಲ 28 ದಿನಗಳ ಶಿಶುಮರಣ ಕಾಲುಭಾಗದಷ್ಟು ತಗ್ಗುವುದೆಂದು ತೋರಿಸಿತು. ಜೀವ ಉಳಿಸುವುದು ತಾಯಿಯ ಮೈಯ ಕಾವು, ಎದೆಹಾಲು, ವೈದ್ಯರ ನಿಗಾ. ಆದರೆ ಆ ಕಾವು ನೆತ್ತಿಯ ಮೂಲಕ ಸೋರಿಹೋಗದಂತೆ ಕಾಯುವ ಕೆಲಸ ಅಂಗೈಯಗಲದ ಟೋಪಿಯದು.

ಜಗಳೂರಿನ ಉಣ್ಣೆ

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಕುರಿಗಳಿರುವ ಸೀಮೆಯಲ್ಲಿ ಟೋಪಿಯ ನೂಲು ಎಲ್ಲಿಂದ ಬರುತ್ತದೆ? ಅಂಗಡಿಗಳಲ್ಲಿ ಉಲ್ಲನ್ ಎಂದು ಮಾರುವ ಬಣ್ಣಬಣ್ಣದ ಉಂಡೆಗಳಲ್ಲಿ ಹೆಚ್ಚಿನವು ಕುರಿಯ ಮೈ ಕಂಡವೇ ಅಲ್ಲ. ರಾಸಾಯನಿಕದಿಂದಾದ ಅಕ್ರಿಲಿಕ್ ಎಳೆಗಳು. ಅವು ಮೃದು, ಅಗ್ಗ, ಒಗೆಯಲು ಸುಲಭ. ನಿಜವಾದ ಉಣ್ಣೆಯಾದರೋ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ. ಅಕ್ರಿಲಿಕ್‌ಗೆ ಆ ಗುಣವಿಲ್ಲ. ಬೆಂಕಿ ತಗಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಜಗಳೂರಿನ ಸೀಮೆಯ ಬಳ್ಳಾರಿ ತಳಿಯ ಮತ್ತು ದಖ್ಖನಿ ತಳಿಯ ಕುರಿಗಳ ಉಣ್ಣೆ ಒರಟು. ಎಳೆಯ ದಪ್ಪ ಸುಮಾರು 30 ಮೈಕ್ರಾನ್ ಮೀರಿದರೆ ಅದು ಚರ್ಮಕ್ಕೆ ಚುಚ್ಚುತ್ತದೆ; ಮೆರಿನೊ ಉಣ್ಣೆಯ ಎಳೆ ಇದಕ್ಕಿಂತ ಬಹಳ ಸಣ್ಣ. ನಮ್ಮ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು. ರಾಟೆಯಲ್ಲಿ ನೂತು, ಹುಣಸೆಬೀಜದ ಗಂಜಿ ಹಾಕಿ, ಮಗ್ಗಕ್ಕೇರಿಸಿದ ಕಂಬಳಿ ಮಳೆಹನಿಯನ್ನು ಸುಲಭವಾಗಿ ಒಳಬಿಡದು. ಆದರೆ ಕಂಬಳಿಯ ಬೇಡಿಕೆ ಕುಗ್ಗಿದಂತೆಲ್ಲ ಕುರಿಯ ಉಣ್ಣೆಗೆ ಬೆಲೆಯೂ ಕುಗ್ಗಿದೆ. ಕುರಿಯನ್ನು ಈಗ ಸಾಕುವುದು ಮುಖ್ಯವಾಗಿ ಮಾಂಸಕ್ಕಾಗಿ. ಕತ್ತರಿಸಿದ ಉಣ್ಣೆ ಹೊರೆಯೆನಿಸತೊಡಗಿದೆ. ಉಣ್ಣೆಯನ್ನು ಹೀಗೆ ಕಡೆಗಣಿಸಿದರೆ ನೂಲುವ ಕೈಯೂ ಮರೆಯಾಗುತ್ತದೆ. ಒಮ್ಮೆ ಮರೆಯಾದ ಕೈಯನ್ನು ಮತ್ತೆ ಕಲಿಸುವವರು ಸಿಗುವುದು ಕಷ್ಟ.

ಒರಟು ಉಣ್ಣೆಗೂ ದಾರಿಯುಂಟು. ಬೆಳಗಿನ ಜಾವ ಹಾಲು ಹಾಕುವವನಿಗೆ, ಅಡಿಕೆ ಕೊಯ್ಲಿಗೆ ಹೊರಡುವವನಿಗೆ, ಫೆಬ್ರವರಿಯಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಗೆ ಬಂದು ಬಯಲಿನಲ್ಲಿ ರಾತ್ರಿ ಕಳೆಯುವ ಭಕ್ತನಿಗೆ ಬೇಕಾದುದು ನಯವಲ್ಲ, ಬೆಚ್ಚಗಿನ ಹೊದಿಕೆ. ಹೊರಗೆ ಊರಿನ ಕುರಿಯ ಕರಿಯ ನೂಲು, ಒಳಗೆ ಹಳೆಯ ಹತ್ತಿ ಸೀರೆಯ ಮೆತ್ತನೆಯ ಅಸ್ತರಿ ಇರುವ ಕಿವಿಟೋಪಿ ಇಂಥವರಿಗೆ ಚೆನ್ನಾಗಿ ಒಪ್ಪುತ್ತದೆ. ಅದಕ್ಕೆ ಯಂತ್ರ ಬೇಡ, ದೊಡ್ಡ ಬಂಡವಾಳವೂ ಬೇಡ. ಬೇಕಾದುದು ಐದು ಕಡ್ಡಿಗಳು, ಒಂದು ಉಂಡೆ ನೂಲು ಮತ್ತು ಕೆಲವು ಸಂಜೆಗಳ ತಾಳ್ಮೆ.

ಮನೆಯಲ್ಲಿ ಹೆಣೆಯಬಲ್ಲ ಹಿರಿಯರಿದ್ದರೆ ಈ ಮಾಗಿಯಲ್ಲಿ ಮಗಳನ್ನಷ್ಟೇ ಅಲ್ಲ, ಮಗನನ್ನೂ ಅವರ ಪಕ್ಕದಲ್ಲಿ ಕೂರಿಸುವುದು ಒಳ್ಳೆಯದು. ಮೊದಲ ಎಂಟು ಕುಣಿಕೆಗಳನ್ನು ಕಡ್ಡಿಗೇರಿಸುವುದೇ ಕಷ್ಟ. ಅಷ್ಟನ್ನು ಹಿರಿಯರು ಮಾಡಿಕೊಟ್ಟರೆ ಉಳಿದ ಸುತ್ತುಗಳನ್ನು ಕಿರಿಯರು ಮುಂದುವರಿಸಿಕೊಂಡು ಹೋಗಬಲ್ಲರು.