ಅಮ್ಮನಿಗೆ ಸೋಫಾದಿಂದ ಏಳೋಕೆ ಯಾಕೆ ಆಗ್ಲಿಲ್ಲ? ಆಸ್ಪತ್ರೆಯ ಕುರ್ಚಿ, ಮಂಚಗಳ ಲೆಕ್ಕಾಚಾರ

ಇವತ್ತಿನ ಮಾತು ಕುರ್ಚಿ, ಮಂಚದ ಬಗ್ಗೆ. ನಗಬೇಡಿ. ಚೆನ್ನೈಗೆ ಬಂದು ಓಎಂಆರ್ ಕಡೆ ಮನೆ ಮಾಡಿಕೊಂಡಿರೋ ನಮ್ಮಂಥವರಲ್ಲಿ ಎಷ್ಟೋ ಜನ ಒಂದು ದಿನ ಊರಿಂದ ಅಪ್ಪನನ್ನೋ ಅಮ್ಮನನ್ನೋ ಚಿಕಿತ್ಸೆಗೆ ಅಂತ ಇಲ್ಲಿಗೆ ಕರೆಸಿಕೊಳ್ತೀವಿ. ಡಾಕ್ಟರ್ ಯಾರು, ಇನ್ಶೂರೆನ್ಸ್ ಎಷ್ಟು, ರೈಲು ಯಾವುದು, ಎಲ್ಲ ವಿಚಾರಿಸ್ತೀವಿ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಅವರು ಯಾವುದರ ಮೇಲೆ ಕೂರ್ತಾರೆ ಅಂತ ಮಾತ್ರ ಯೋಚಿಸೋದಿಲ್ಲ. ನಾನೂ ಯೋಚಿಸಿರಲಿಲ್ಲ.

ಅಮ್ಮ ಹಾಸನದಿಂದ ಬಂದಿದ್ದರು, ಹಿಪ್ ಆಪರೇಷನ್‌ಗೆ. ಆಪರೇಷನ್ ಚೆನ್ನಾಗೇ ಆಯಿತು. ವಾರ್ಡಿನಲ್ಲಿ ಫಿಸಿಯೋ ಹುಡುಗಿ ಬಂದು "ಎಳುಂದಿರುಂಗ ಅಮ್ಮಾ" ಅನ್ನೋಳು. ಅಮ್ಮನಿಗೆ ತಮಿಳು ಬರೋದಿಲ್ಲ. ಆದರೂ ಆ ಮಾತಿನೊಳಗೆ ನಮ್ಮ 'ಏಳು' ಕೇಳಿಸ್ತಿತ್ತು, ವಾಕರ್ ಹಿಡಿದು ಎದ್ದು ನಿಲ್ಲೋರು. ಮನೆಗೆ ಬಂದ ದಿನ ನಮ್ಮ ಎಲ್ ಶೇಪ್ ಸೋಫಾದಲ್ಲಿ ಕೂರಿಸಿದೆವು. ಅಲ್ಲಿಗೆ ಮುಗೀತು. "ಏಳೋಕೆ ಆಗ್ತಿಲ್ಲ ಕಣೋ" ಅಂದರು. ನಾನೊಂದು ಕಡೆ, ಹೆಂಡತಿ ಒಂದು ಕಡೆ ಕಂಕುಳಿಗೆ ಕೈ ಹಾಕಿ ಎತ್ತಿದೆವು. ಹಾಗೆ ಎತ್ತಲೇಬಾರದು ಅಂತ ಗೊತ್ತಾಗಿದ್ದು ಆಮೇಲೆ, ಭುಜಕ್ಕೆ ಪೆಟ್ಟಾಗುತ್ತೆ. ಡಿಸ್ಚಾರ್ಜ್ ಚೀಟಿಯಲ್ಲಿ "ತಗ್ಗಾದ ಕುರ್ಚಿ ಬೇಡ" ಅಂತ ಬರೆದಿತ್ತು. ಎಷ್ಟು ತಗ್ಗು ಅಂತ ಬರೆದಿರಲಿಲ್ಲ.

ನಾಲ್ಕನೇ ದಿನಕ್ಕೆ ಗಮನಿಸಿದೆ, ಅಮ್ಮ ನೀರು ಕುಡಿಯೋದನ್ನೇ ಕಮ್ಮಿ ಮಾಡಿದ್ದರು. ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕು, ಹೋಗಬೇಕಂದ್ರೆ ಯಾರನ್ನಾದರೂ ಕರೀಬೇಕು, ಮಗ ಮೀಟಿಂಗ್‌ನಲ್ಲಿರ್ತಾನೆ. ಚೆನ್ನೈ ಸೆಕೆಯಲ್ಲಿ ನೀರು ಬಿಟ್ಟು ಕೂತಿದ್ದರು, ಒಂದು ಸೋಫಾದ ದೆಸೆಯಿಂದ.

ಅವತ್ತು ಟೇಪ್ ತಗೊಂಡು ಅಳೆದೆ. ಸೋಫಾ ಸೀಟು ನೆಲದಿಂದ 38 ಸೆಂಟಿಮೀಟರ್, ಕೂತರೆ ಕುಶನ್ ಕುಸಿದು ಇನ್ನೂ ನಾಲ್ಕೈದು ಕಮ್ಮಿ. ವಯಸ್ಸಾದವರು ಎಷ್ಟು ಸಲೀಸಾಗಿ ನಡೀತಾರೆ ಅಂತ ನೋಡೋಕೆ ಡಾಕ್ಟರುಗಳು ಮಾಡುವ ಒಂದು ಪರೀಕ್ಷೆ ಇದೆ, 'ಟೈಮ್ಡ್ ಅಪ್ ಆಂಡ್ ಗೋ' ಅಂತ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 1991ರಲ್ಲಿ ಪ್ರಕಟವಾದ ಈ ಪರೀಕ್ಷೆಗೆ ಹೇಳಿರುವ ಕುರ್ಚಿಯ ಎತ್ತರ ಸುಮಾರು 46 ಸೆಂಟಿಮೀಟರ್, ಕೈಪಿಡಿ ಇರಬೇಕು. ಅಂದರೆ ನಮ್ಮ ಸೋಫಾ ಅದಕ್ಕಿಂತ ಹೆಚ್ಚುಕಮ್ಮಿ ಅರ್ಧ ಗೇಣು ಕೆಳಗಿತ್ತು.

ಏಳುವಾಗ ಏನಾಗುತ್ತೆ ನೋಡಿ. ನಾವು ಮೊದಲು ಪಾದಗಳನ್ನ ಹಿಂದಕ್ಕೆ, ಸೀಟಿನ ಅಡಿಗೆ ಎಳೆದುಕೊಳ್ತೀವಿ. ಆಮೇಲೆ ಮುಂದಕ್ಕೆ ಬಾಗ್ತೀವಿ, ಮೂಗು ಪಾದದ ಬೆರಳುಗಳ ನೇರಕ್ಕೆ ಬರೋಷ್ಟು. ಆಗ ಮೈಭಾರ ಪಾದದ ಮೇಲೆ ಬರುತ್ತೆ, ತೊಡೆ ನಮ್ಮನ್ನ ಮೇಲಕ್ಕೆ ತಳ್ಳುತ್ತೆ. ಸೀಟು ಮಂಡಿಗಿಂತ ಕೆಳಗಿದ್ದಷ್ಟೂ ತೊಡೆಯ ಕೆಲಸ ಜಾಸ್ತಿ. ನಮ್ಮ ವಯಸ್ಸಿಗೆ ಅದು ಗೊತ್ತೇ ಆಗೋದಿಲ್ಲ, ಎಪ್ಪತ್ತು ದಾಟಿದ ತೊಡೆಗೆ ಅದೇ ಬೆಟ್ಟ. ಹಿಪ್ ಬದಲಿಸಿದವರಿಗೆ ಇನ್ನೊಂದು ಅಪಾಯವೂ ಇದೆ: ಮಂಡಿ ಸೊಂಟಕ್ಕಿಂತ ಮೇಲೆ ಹೋಗುವಂತೆ ಕೂತರೆ ಹೊಸ ಕೀಲು ಜಾರಬಹುದು.

ಹಾಗಾಗಿ ಒಳ್ಳೆಯ ಆಸ್ಪತ್ರೆ ಕುರ್ಚಿಯನ್ನ ಮೆತ್ತಗಿದೆಯಾ ಅಂತ ನೋಡಿ ಆರಿಸಬಾರದು. ಸೀಟು ಮಂಡಿಯ ಹಿಂಭಾಗದ ಮಡಿಕೆಯಷ್ಟೋ ಅದಕ್ಕಿಂತ ಚೂರು ಮೇಲೋ ಇರಬೇಕು. ಕೈಪಿಡಿ ಸೀಟಿನ ಮುಂದಿನ ಅಂಚಿನ ತನಕ ಬರಬೇಕು, ಯಾಕಂದ್ರೆ ಕೈಯೂರಿ ತಳ್ಳೋದು ಅಲ್ಲಿಂದಲೇ. ಸೀಟಿನ ಕೆಳಗೆ ಖಾಲಿ ಜಾಗ ಬೇಕು, ಪಾದ ಹಿಂದಕ್ಕೆ ಹೋಗೋಕೆ. ಶೋರೂಮಿನಲ್ಲಿ ಚೆಂದ ಕಾಣೋ, ತಳ ಪೂರ್ತಿ ಮುಚ್ಚಿರೋ ಸೋಫಾಗಳು ಸೋಲೋದು ಇಲ್ಲೇ. ಮೇಲೆ ಬಟ್ಟೆ ಹೊದಿಸೋದು ಬೇಡ, ಒರೆಸಲಿಕ್ಕೆ ಆಗುವ ರೆಕ್ಸಿನ್ ಇರಲಿ. ಆದರೆ ರೆಕ್ಸಿನ್ ಹರಿದ ದಿನವೇ ಸರಿ ಮಾಡಿಸಿ, ಒಳಗಿನ ಸ್ಪಂಜು ಒಮ್ಮೆ ಕೊಳೆ ಹೀರಿಕೊಂಡರೆ ಮೇಲೆ ಎಷ್ಟು ಒರೆಸಿದರೂ ವ್ಯರ್ಥ.

ಮಂಚದ ಕಥೆ ಇನ್ನೂ ಸ್ವಾರಸ್ಯದ್ದು. ಚೆನ್ನೈನಲ್ಲಿ ಆಸ್ಪತ್ರೆ ಮಂಚ ತಿಂಗಳ ಬಾಡಿಗೆಗೆ ಸಿಗುತ್ತೆ. ಫೋನ್ ಮಾಡಿದರೆ "ಸೆಮಿ ಫೌಲರಾ, ಫುಲ್ ಫೌಲರಾ ಸಾರ್?" ಅಂತ ಕೇಳ್ತಾರೆ. ಫೌಲರ್ ಅಂದರೆ ಕಂಪನಿ ಅಲ್ಲ, ಜಾರ್ಜ್ ರೈರ್ಸನ್ ಫೌಲರ್ ಅನ್ನೋ ಅಮೆರಿಕದ ಸರ್ಜನ್. ಹೊಟ್ಟೆಯೊಳಗೆ ಕೀವಾದ ರೋಗಿಯನ್ನ ಅರ್ಧ ಕೂತ ಭಂಗಿಯಲ್ಲಿ ಇಟ್ಟರೆ ಒಳ್ಳೇದು ಅಂತ 1900ರ ಸುಮಾರಿಗೆ ಹೇಳಿದವರು ಅವರು. ಸೆಮಿ ಅಂದರೆ ಬೆನ್ನಿನ ಭಾಗ ಮಾತ್ರ ಏಳುತ್ತೆ, ಫುಲ್‌ನಲ್ಲಿ ಮಂಡಿಯ ಭಾಗವೂ ಏಳುತ್ತೆ. ದುಡ್ಡು ಉಳಿಸೋಣ ಅಂತ ಸೆಮಿ ತರಿಸಬೇಡಿ. ಬೆನ್ನು ಮಾತ್ರ ಎತ್ತಿದರೆ ಮೈ ನಿಧಾನಕ್ಕೆ ಕೆಳಗೆ ಜಾರುತ್ತೆ. ಬೆನ್ನುಮೂಳೆಯ ತುದಿಯಲ್ಲಿ ಚರ್ಮ ಹಾಸಿಗೆಗೆ ಅಂಟಿಕೊಂಡಿರುತ್ತೆ, ಒಳಗಿನ ಮೂಳೆ ಜಾರಿರುತ್ತೆ. ಬೆಡ್ ಸೋರ್ ಶುರುವಾಗೋಕೆ ಇಷ್ಟು ಸಾಕು. ಮೊದಲು ಮಂಡಿ ಎತ್ತಿ, ಆಮೇಲೆ ಬೆನ್ನು.

ಎತ್ತರದ್ದು ಹಳೇ ಜಗಳ. ನರ್ಸ್‌ಗೆ ಮಂಚ ಸೊಂಟದಷ್ಟು ಎತ್ತರ ಬೇಕು, ಇಲ್ಲದಿದ್ದರೆ ಅವರ ಬೆನ್ನು ಹೋಗುತ್ತೆ. ರೋಗಿಗೆ ತಗ್ಗು ಬೇಕು, ಇಳಿಯುವಾಗ ಪಾದ ನೆಲಕ್ಕೆ ಊರಬೇಕು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಬ್ರೂಸ್ ಆರ್ಚರ್ ಮತ್ತು ಅವರ ತಂಡ 1960ರ ದಶಕದಲ್ಲಿ ಕಿಂಗ್ಸ್ ಫಂಡ್ ಅನ್ನುವ ಸಂಸ್ಥೆಗಾಗಿ ಕೂತು ಬಿಡಿಸಿದ್ದು ಇದೇ ಗಂಟನ್ನ, ಎತ್ತರ ಏರಿಸಿ ಇಳಿಸೋಕೆ ಬರುವ ಮಂಚ. ನಮ್ಮ ಬಾಡಿಗೆ ಮಂಚಗಳಲ್ಲಿ ಹೆಚ್ಚಿನವು ಒಂದೇ ಎತ್ತರದವು, ಜೊತೆಗೊಂದು ಮೆಟ್ಟಿಲು ಸ್ಟೂಲ್ ಕೊಡ್ತಾರೆ. ರಾತ್ರಿ ನಿದ್ದೆಗಣ್ಣಲ್ಲಿ ಆ ಸ್ಟೂಲ್ ಮೇಲೆ ಕಾಲಿಡೋದನ್ನ ನೆನೆಸಿಕೊಳ್ಳಿ. ಪಕ್ಕದ ಕಂಬಿ ಹಾಕಿದರೆ ಸರಿಹೋಗುತ್ತೆ ಅಂದುಕೊಳ್ಳಬೇಡಿ, ಗೊಂದಲದಲ್ಲಿರೋ ವಯಸ್ಸಾದವರು ಕಂಬಿ ಹತ್ತಿ ಇನ್ನೂ ಮೇಲಿಂದ ಬೀಳ್ತಾರೆ.

ಇದೆಲ್ಲ ಆಸ್ಪತ್ರೆಯವರ ತಲೆನೋವು, ನಮ್ಮದು ಟೂ ಬಿಎಚ್‌ಕೆ ಅಂತೀರಾ? ಅಣ್ಣಾ ಸಾಲೈ ಪಕ್ಕದ ಓಮಂದೂರಾರ್ ಆವರಣ ನೋಡಿ. ಜರ್ಮನಿಯ ಜಿಎಂಪಿ ಸಂಸ್ಥೆ ವಿನ್ಯಾಸ ಮಾಡಿದ ಆ ದೊಡ್ಡ ಕಟ್ಟಡ 2010ರಲ್ಲಿ ವಿಧಾನಸಭೆ, ಸಚಿವಾಲಯಕ್ಕೆ ಅಂತ ಉದ್ಘಾಟನೆಯಾಯಿತು. ಮರುವರ್ಷ ಸರ್ಕಾರ ಬದಲಾಯಿತು. 2014ರಲ್ಲಿ ಅದು ಸರ್ಕಾರಿ ಮಲ್ಟಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಾಯಿತು. ಶಾಸಕರು ಕೂರಲಿ ಅಂತ ಕಟ್ಟಿದ ಜಾಗದಲ್ಲಿ ಈಗ ರೋಗಿಗಳು ಮಲಗ್ತಾರೆ. ರಾಜಕೀಯ ಆಚೆ ಇರಲಿ, ವಿಧಾನಸಭೆಯೇ ಆಸ್ಪತ್ರೆ ಆಗೋದಾದರೆ ನಮ್ಮ ಹಾಲ್ ಆರು ವಾರ ಆಗಲಾರದಾ?

ಏಳೋದೇ ಸಾಧ್ಯವಿಲ್ಲದವರ ವಿಷಯಕ್ಕೂ ಚೆನ್ನೈನಲ್ಲೇ ಒಂದು ಕೆಲಸ ಆಗಿದೆ. ಐಐಟಿ ಮದ್ರಾಸ್‌ನಲ್ಲಿ ಪ್ರೊ. ಸುಜಾತಾ ಶ್ರೀನಿವಾಸನ್ ಅವರು ಮುನ್ನಡೆಸುವ ಟಿಟಿಕೆ ಕೇಂದ್ರ, ಆರ್‌ಟುಡಿಟು ಅಂತ ಕರೀತಾರೆ, 'ಅರೈಸ್' ಅನ್ನೋ ಗಾಲಿಕುರ್ಚಿ ಮಾಡಿತು. ತಯಾರಿಸಿದ್ದು ಇಲ್ಲಿಯದೇ ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್, ಬಿಡುಗಡೆ 2019ರ ನವೆಂಬರ್‌ನಲ್ಲಿ, ಆಗಿನ ಬೆಲೆ ಸುಮಾರು 15,000 ರೂಪಾಯಿ. ಅದರಲ್ಲಿ ಕೂತವರು ತಮ್ಮ ಕೈಬಲದಿಂದಲೇ ಕುರ್ಚಿ ಸಮೇತ ಎದ್ದು ನಿಲ್ಲಬಹುದು. ದಿನವಿಡೀ ಕೂತೇ ಇದ್ದರೆ ರಕ್ತದ ಓಡಾಟ, ಮಲಮೂತ್ರ, ಚರ್ಮ ಎಲ್ಲಕ್ಕೂ ತೊಂದರೆ, ದಿನಕ್ಕೆ ಸ್ವಲ್ಪ ಹೊತ್ತು ನಿಂತರೂ ಎಷ್ಟೋ ವಾಸಿ. ಇನ್ನೊಬ್ಬರನ್ನ ಕರೆಯದೆ ನಿಲ್ಲಬಹುದು ಅನ್ನೋದು ನನಗೆ ಇದರಲ್ಲಿ ಅತಿ ಇಷ್ಟವಾದ ಸಂಗತಿ.

ನಮ್ಮ ಮನೆಗೆ ಬರೋಣ. ಸೋಫಾ ಮೇಲೆ ದಿಂಬು ಪೇರಿಸೋಕೆ ಹೋಗಬೇಡಿ, ಅದು ಕುಸಿಯುತ್ತೆ, ಜಾರುತ್ತೆ. ಎತ್ತರ ಕಾಲಿನಡಿಗೆ ಕೊಡಬೇಕು. ಇಲ್ಲಿಯವರು ಆಸಾರಿ ಅಂತಾರೆ, ನಮ್ಮ ಕಡೆ ಆಚಾರಿ, ಅವರನ್ನ ಕರೆಸಿ ಮರದ ನಾಲ್ಕು ದಿಮ್ಮಿ ಮಾಡಿಸಿದೆ. ಮೇಲೆ ಗುಳಿ ತೋಡಿಸಿದೆ, ಕಾಲು ಜಾರಬಾರದಲ್ಲ. ಅವುಗಳನ್ನ ಸೋಫಾಗೆ ಬಿಟ್ಟು ಊಟದ ಮೇಜಿನ ಪಕ್ಕದ ಗಟ್ಟಿ ತೋಳುಕುರ್ಚಿಗೆ ಹಾಕಿದೆವು. ಕಮೋಡ್ ಮೇಲೆ ಎತ್ತರದ ಸೀಟು ಕೂರಿಸಿದೆವು, ನಮ್ಮ ದೇಶದ ಸುಗಮ್ಯತೆಯ ಮಾರ್ಗಸೂಚಿ 450ರಿಂದ 480 ಮಿಲಿಮೀಟರ್ ಅನ್ನುತ್ತೆ. ಪಕ್ಕದಲ್ಲಿ ಗೋಡೆಗೆ ಕೊರೆದು ಸ್ಟೀಲ್ ಹಿಡಿಕೆ ಹಾಕಿಸಿದೆವು. ಬಾಡಿಗೆ ಮನೆ, ಓನರ್ ಗೊಣಗಿದರು. ಆದರೂ ಗೋಡೆಗೆ ಅಂಟಿಸೋ ರಬ್ಬರ್ ಬಟ್ಟಲಿನ ಹಿಡಿಕೆ ನಂಬಬೇಡಿ.

ಮಂಚದ ಜಾಗವನ್ನೂ ಬದಲಾಯಿಸಿದೆವು. 1984ರಲ್ಲಿ ರೋಜರ್ ಉಲ್ರಿಚ್ ಅನ್ನೋರು 'ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದರು: ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳು, ಅರ್ಧ ಜನಕ್ಕೆ ಕಿಟಕಿಯಾಚೆ ಮರ, ಅರ್ಧ ಜನಕ್ಕೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಬೇಗ ಮನೆಗೆ ಹೋದರು, ಕಟುವಾದ ನೋವಿನ ಔಷಧಿಯೂ ಕಮ್ಮಿ ಬೇಕಾಯಿತು. ಸಣ್ಣ ಅಧ್ಯಯನ, ಅದನ್ನೇ ವೇದವಾಕ್ಯ ಮಾಡೋದು ಬೇಡ. ಆದರೆ ನಾವು ಅಮ್ಮನನ್ನ ಮಲಗಿಸಿದ್ದು ಶಾಫ್ಟ್ ಕಡೆಯ ರೂಮಿನಲ್ಲಿ, ಪೈಪುಗಳನ್ನ ನೋಡಿಕೊಂಡು. ಹಾಲ್‌ಗೆ ತಂದ ಮೇಲೆ ಕೆಳಗಿನ ಬೇವಿನ ಮರ, ಅಲ್ಲಿ ತರಕಾರಿ ಗಾಡಿಯವನ ಜೊತೆ ಚೌಕಾಸಿ ಮಾಡೋ ಹೆಂಗಸರು ಕಂಡರು.

ಎರಡು ವಾರ ಆದ ಮೇಲೆ ಒಂದು ಸಂಜೆ ನಾನು ಹೆಡ್‌ಫೋನ್ ಹಾಕಿಕೊಂಡು ಕಾಲ್‌ನಲ್ಲಿದ್ದೆ. ಮುಗಿಸಿ ತಿರುಗಿದರೆ ಕುರ್ಚಿ ಖಾಲಿ. ಗಾಬರಿಯಾಗಿ ಎದ್ದೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ವಾಕರ್ ಹಿಡಿದು ನಿಂತು, ಸಾರಿಗೆ ಇಂಗು ಹಾಕಿಲ್ಲ ಅಂತ ಸೊಸೆಗೆ ಹೇಳ್ತಿದ್ದರು.